ನನ್ನನ್ನು ಯಾವ ಪಟ್ಟಿಯಲ್ಲಿ ಬರೆದುಕೊಳ್ಳಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಮ್ಯಾನೇಜರ್. ಒಟ್ಟು 11 ಜನ ಇದ್ದೇವೆ. ಪ್ರಿನ್ಸಿಪಲ್ ಸರ್, ಇಬ್ಬರು ಸೀನಿಯರ್, ನಾಲ್ವರು ಜೂನಿಯರ್, ಒಬ್ಬ ಡ್ರಾಫ್ಟ್ಸ್‌ಮನ್, ಜೊತೆಗೆ ನಾನು, ಅಕೌಂಟೆಂಟ್ ಮತ್ತು ಅಟೆಂಡರ್. ಹೋದ ತಿಂಗಳ ಯುಟಿಲೈಸೇಷನ್ ರೇಟ್ (ಸಂಬಳ ಕೊಟ್ಟ ಗಂಟೆಗಳಲ್ಲಿ ಪ್ರಾಜೆಕ್ಟಿಗೆ ಹೋದ ಪಾಲು) ಸರ್ ಲೆಕ್ಕದಲ್ಲಿ ನೂರಕ್ಕೆ 74, ಅಕೌಂಟೆಂಟ್ ಲೆಕ್ಕದಲ್ಲಿ 51. ಇಬ್ಬರೂ ನೋಡಿದ್ದು ಒಂದೇ ಟೈಮ್‌ಶೀಟ್. ಇನ್ನೊಂದು ವಿಷಯ, ವಾರಕ್ಕೆ ಎರಡು ದಿನ ನಾನು ಪ್ಲಾನ್ ಸ್ಯಾಂಕ್ಷನ್ ಫೈಲ್ ಹಿಡಿದು ಪಾಲಿಕೆಗೆ ಓಡಾಡುತ್ತೇನೆ. ಆದರೂ ನನ್ನ ಸಂಬಳ ಪೂರ್ತಿ ಯಾವ ಪ್ರಾಜೆಕ್ಟಿಗೂ ಸೇರದ ಆಫೀಸ್ ಖರ್ಚು, ಅಂದರೆ ಓವರ್‌ಹೆಡ್ ಅನ್ನುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ನಿಮ್ಮ ಟೈಮ್‌ಶೀಟನ್ನು ಸಾಲು ಸಾಲಾಗಿ ಓದಿದೆ. ಪಾಲಿಕೆಯ ಕೆಲಸಕ್ಕೆ ನೀವು ಬರೆದಿರುವ 60 ಗಂಟೆಗಳಲ್ಲಿ ಪ್ರತಿಯೊಂದರ ಮುಂದೆಯೂ ಒಂದು ಪ್ರಾಜೆಕ್ಟಿನ ಹೆಸರಿದೆ. ಆ ಪ್ರಾಜೆಕ್ಟಿಗೆ ಕ್ಲೈಂಟ್ ಕೊಡುವ ಫೀಸಿನಲ್ಲಿ ಸ್ಯಾಂಕ್ಷನ್ ಹಂತದ ಕಂತೂ ಸೇರಿದೆ. ಮತ್ತೆ ಅದು ಓವರ್‌ಹೆಡ್ ಹೇಗಾದೀತು?

ಮೊದಲು 74 ಮತ್ತು 51ರ ಗಂಟು ಬಿಡಿಸೋಣ. ಪ್ರಾಜೆಕ್ಟಿನ ಮೇಲೆ ಕಳೆದ ಗಂಟೆಗಳನ್ನು ಸಂಬಳ ಕೊಟ್ಟ ಒಟ್ಟು ಗಂಟೆಗಳಿಂದ ಭಾಗಿಸಿದರೆ ಬರುವುದೇ ಈ ರೇಟ್. ಜಗಳ ಯಾವಾಗಲೂ ಛೇದದಲ್ಲಿ, ಅಂದರೆ ಕೆಳಗೆ ಯಾರ್‍ಯಾರ ಗಂಟೆ ಸೇರಬೇಕು ಅನ್ನುವುದರಲ್ಲಿ. ನಿಮ್ಮಲ್ಲಿ ತಲಾ 200 ಗಂಟೆ. ಸರ್ 80 ಗಂಟೆ, ಸೀನಿಯರ್‌ಗಳಿಬ್ಬರೂ ಸೇರಿ 280, ಜೂನಿಯರ್‌ಗಳು 600, ಡ್ರಾಫ್ಟ್ಸ್‌ಮನ್ 170 ಗಂಟೆ ಪ್ರಾಜೆಕ್ಟಿನಲ್ಲಿ ದುಡಿದಿದ್ದಾರೆ. ಒಟ್ಟು 1,130. ಅಕೌಂಟೆಂಟ್ ಇದನ್ನು 11 ಜನರ 2,200ರಿಂದ ಭಾಗಿಸಿ 51 ಅಂದರು. ಡ್ರಾಯಿಂಗ್ ಮಾಡುವ ಎಂಟು ಜನರ 1,600 ಗಂಟೆಯಿಂದ ಭಾಗಿಸಿದರೆ 70.6 ಬರುತ್ತದೆ. ಈ ಎರಡು ಅಂಕಿಗಳೂ ಬೇಕಾದವೇ. ಮೊದಲನೆಯದು ಇಡೀ ಆಫೀಸಿನದು, ಎರಡನೆಯದು ತಾಂತ್ರಿಕ ಸಿಬ್ಬಂದಿಯದು.

ಸರ್ ಹೇಳಿದ 74 ಮಾತ್ರ ಇವೆರಡರಲ್ಲಿ ಯಾವುದೂ ಅಲ್ಲ. ಹುಡುಕಿದಾಗ ಸಿಕ್ಕಿದ್ದು ಇದು: ಒಬ್ಬ ಜೂನಿಯರ್ ಹೋದ ತಿಂಗಳು 110 ಗಂಟೆ ಒಂದು ಡಿಸೈನ್ ಸ್ಪರ್ಧೆಯ ಡ್ರಾಯಿಂಗ್ ಮಾಡಿದ್ದಾರೆ, ಪ್ರಾಜೆಕ್ಟಿಗೆ ದುಡಿದದ್ದು 90 ಗಂಟೆ. ಅವರನ್ನು ಆ ತಿಂಗಳ ಮಟ್ಟಿಗೆ ‘ಆಫೀಸ್’ ಪಟ್ಟಿಗೆ ದಾಟಿಸಿಬಿಟ್ಟಿದ್ದಾರೆ. ಉಳಿದ ಏಳು ಜನರ 1,400 ಗಂಟೆಯಲ್ಲಿ 1,040 ಪ್ರಾಜೆಕ್ಟಿನದು, ಅದೇ 74. ಇದನ್ನು ದಯವಿಟ್ಟು ಮಾಡಬೇಡಿ ಎಂದು ಸರ್‌ಗೆ ನನ್ನ ಹೆಸರಿನಲ್ಲೇ ಹೇಳಿ. ವರ್ಷದ ಮೊದಲಲ್ಲಿ ಯಾರನ್ನು ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದೀರೋ ಆ ಪಟ್ಟಿ ಮಾರ್ಚ್‌ವರೆಗೆ ಅಲುಗಾಡಬಾರದು. ಸ್ಪರ್ಧೆಗೆ, ಪುಕ್ಕಟೆ ಕಾನ್ಸೆಪ್ಟಿಗೆ, ಹೊಸ ಕ್ಲೈಂಟಿಗೆ ಕೊಡುವ ಪ್ರೆಸೆಂಟೇಷನ್ನಿಗೆ ಹೋದ ಗಂಟೆ ಛೇದದಲ್ಲಿ ಉಳಿಯಲೇಬೇಕು. ಅಲ್ಲಿ ಉಳಿದರೆ ತಾನೇ ಸ್ಪರ್ಧೆಗೆ ಎಷ್ಟು ಖರ್ಚಾಯಿತೆಂದು ಸರ್‌ಗೂ ಗೊತ್ತಾಗುವುದು? ಸಂಬಳ ಸಹಿತ ರಜೆಯೂ ಹಾಗೆಯೇ.

ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇದ್ದವರನ್ನಷ್ಟೇ ತಾಂತ್ರಿಕ ಎಂದು ಎಣಿಸುವ ಆಫೀಸುಗಳನ್ನೂ ಕಂಡಿದ್ದೇನೆ. 1972ರ ಆರ್ಕಿಟೆಕ್ಟ್ಸ್ ಕಾಯಿದೆ ಹೇಳುವುದು ಆರ್ಕಿಟೆಕ್ಟ್ ಎಂದು ಯಾರು ಕರೆದುಕೊಳ್ಳಬಹುದು ಎಂಬುದನ್ನು, ಈ ರೇಟಿನಲ್ಲಿ ಯಾರನ್ನು ಎಣಿಸಬೇಕು ಎಂಬುದನ್ನಲ್ಲ. ನಿಮ್ಮ ಡ್ರಾಫ್ಟ್ಸ್‌ಮನ್‌ಗೆ ನೋಂದಣಿ ಇಲ್ಲ, ಆದರೆ ಅವರ 200 ಗಂಟೆಯಲ್ಲಿ 170 ವರ್ಕಿಂಗ್ ಡ್ರಾಯಿಂಗಿಗೇ ಹೋಗಿದೆ. ಸ್ಪರ್ಧೆಗೆ ಹೋಗದ ಮೂವರು ಜೂನಿಯರ್‌ಗಳ ಸರಾಸರಿಯೂ ಅಷ್ಟೇ.

ಇನ್ನು ನಿಮ್ಮ ವಿಷಯ. ನಿಮ್ಮನ್ನು ನೇಮಿಸಿದ್ದು ಆಫೀಸ್ ನಡೆಸಲು, ಆದ್ದರಿಂದ ಹೆಸರು ಆಫೀಸ್ ಪಟ್ಟಿಯಲ್ಲೇ ಇರಲಿ. ತಾಂತ್ರಿಕ ಸಿಬ್ಬಂದಿಯ ರೇಟಿನಲ್ಲಿ ನೀವು ಮೇಲೂ ಬೇಡ, ಕೆಳಗೂ ಬೇಡ. ಇಡೀ ಆಫೀಸಿನ ರೇಟಿನಲ್ಲಿ ನಿಮ್ಮ 200 ಗಂಟೆ ಆಗಲೇ ಛೇದದಲ್ಲಿದೆ, ಈಗ ಆ 60 ಗಂಟೆ ಮೇಲೆ ಸೇರಲಿ. 1,190ನ್ನು 2,200ರಿಂದ ಭಾಗಿಸಿದರೆ 54.1. ಅಕೌಂಟೆಂಟ್ ಕೊಟ್ಟ 51ಕ್ಕಿಂತ ಸುಮಾರು ಮೂರು ಅಂಕ ಹೆಚ್ಚು, ಅಷ್ಟೂ ನಿಮ್ಮ ಓಡಾಟದ್ದು. ‘ಮ್ಯಾನೇಜರ್ ಅರ್ಧ ಪ್ರಾಜೆಕ್ಟ್, ಅರ್ಧ ಆಫೀಸ್’ ಎಂದು ಕಣ್ಣಂದಾಜಿನಲ್ಲಿ ಒಪ್ಪಿಕೊಳ್ಳಬೇಡಿ. ಪಾಲಿಕೆಗೆ ಹೋದ ದಿನವೇ ಫೈಲಿನ ಹೆಸರು ಹಾಕಿ ಗಂಟೆ ಬರೆದಿಡಿ. ಬಿಲ್ ಟೈಪ್ ಮಾಡಿದ್ದು, ಬಾಕಿ ಫೀಸಿಗೆ ಫೋನ್ ಮಾಡಿದ್ದು ಪ್ರಾಜೆಕ್ಟಿಗೆ ಸೇರುವುದಿಲ್ಲ, ಆ ಆಸೆ ಬೇಡ.

ಸರ್ ಮುಂದೆ ಇಡಬೇಕಾದ ಇನ್ನೊಂದು ಲೆಕ್ಕವಿದೆ, ಸ್ವಲ್ಪ ಮೆತ್ತಗೆ ಇಡಿ. ಗಂಟೆಯ ಬದಲು ಸಂಬಳದ ಮೇಲೆ ಇದೇ ರೇಟ್ ತೆಗೆದು ನೋಡಿದೆ, ಅಂದರೆ ಒಬ್ಬೊಬ್ಬರ ಸಂಬಳದಲ್ಲಿ ಪ್ರಾಜೆಕ್ಟಿಗೆ ಹೋದ ಪಾಲನ್ನು ಕೂಡಿಸಿ ಒಟ್ಟು ಸಂಬಳದಿಂದ ಭಾಗಿಸಿದೆ. ನೀವು ಕಳಿಸಿದ ಸಂಬಳದ ಪಟ್ಟಿಯನ್ನು ಇಲ್ಲಿ ಅಚ್ಚು ಹಾಕುವುದಿಲ್ಲ, ಆದರೆ ತಾಂತ್ರಿಕ ಸಿಬ್ಬಂದಿಯ 70.6 ಅಲ್ಲಿ 62.9ಕ್ಕೆ ಇಳಿಯುತ್ತದೆ. ಕಾರಣ ಜೂನಿಯರ್‌ಗಳಲ್ಲ. ಆ ಎಂಟು ಜನರ ಸಂಬಳದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಸರ್ ಅವರದು, ಅವರು ಪ್ರಾಜೆಕ್ಟಿನಲ್ಲಿದ್ದದ್ದು ನೂರಕ್ಕೆ 40. ಕೆಲಸ ತರುವುದು, ಕ್ಲೈಂಟ್‌ಗಳನ್ನು ಕಾಣುವುದು ಅವರೇ ಮಾಡಬೇಕಾದದ್ದು, ಆದ್ದರಿಂದ 40 ತಪ್ಪಲ್ಲ. ಆದರೆ ರೇಟ್ ಬಿದ್ದಿತೆಂದು ಸೋಮವಾರದ ಮೀಟಿಂಗಿನಲ್ಲಿ ಹುಡುಗರನ್ನು ನಿಲ್ಲಿಸಿ ಕೇಳುವ ಮೊದಲು ಈ ಸಾಲು ಕಣ್ಣ ಮುಂದೆ ಇರಬೇಕು. ಅಮೆರಿಕದ ಆಫೀಸುಗಳ ಲೆಕ್ಕದಲ್ಲಿ ಬರುವ 60ರ ಆಸುಪಾಸಿನ ಅಂಕಿಯೂ ಸಾಮಾನ್ಯವಾಗಿ ಇಡೀ ಸಂಬಳಪಟ್ಟಿಯ ಮೇಲಿನದೇ. ಅದರ ಪಕ್ಕದಲ್ಲಿ 74 ಇಟ್ಟು ಹಿಗ್ಗುವ ಹಾಗಿಲ್ಲ. ಇಡಬೇಕಾದದ್ದು 11 ಜನರ ಸಂಬಳದ ಮೇಲೆ, ನಿಮ್ಮ 60 ಗಂಟೆಯ ಪಾಲೂ ಸೇರಿ ಬರುವ 56.4.

ಫೀಸು ಕಟ್ಟಡದ ವೆಚ್ಚದ ಶೇಕಡಾ ಲೆಕ್ಕದಲ್ಲಿ ಬರುವುದರಿಂದ ‘ಬಿಲ್ ಆಗುವ ಗಂಟೆ’ ಯಾವುದು ಎಂಬ ಗೊಂದಲ ಬೇಡ. ಕ್ಲೈಂಟ್ ಮೆಟ್ಟಿಲನ್ನು ನಾಲ್ಕು ಸಲ ಬದಲಾಯಿಸಿದರೂ ಆ ಗಂಟೆಗಳೆಲ್ಲ ಪ್ರಾಜೆಕ್ಟಿನವೇ. ಆ ಕೆಲಸದಲ್ಲಿ ದುಡ್ಡು ಉಳಿಯಿತೋ ಇಲ್ಲವೋ, ಅದು ಬೇರೆ ಹಾಳೆ. ಹೊರಗಿನವರಿಂದ ಮಾಡಿಸುವ ಥ್ರೀಡಿ ವ್ಯೂಗಳು ಸಂಬಳಪಟ್ಟಿಯಲ್ಲಿಲ್ಲ, ಹಾಗಾಗಿ ಮೇಲೂ ಇಲ್ಲ, ಕೆಳಗೂ ಇಲ್ಲ. ಕಾಲೇಜಿನಿಂದ ತರಬೇತಿಗೆ ಬರುವ ಇಂಟರ್ನ್‌ಗಳನ್ನು ಸೇರಿಸುವುದಾದರೆ ಎರಡೂ ಕಡೆ ಸೇರಿಸಿ. ಅವರ ಡ್ರಾಯಿಂಗ್ ಗಂಟೆಯನ್ನು ಮೇಲೆ ಬರೆದು ಕೆಳಗೆ ಅವರನ್ನು ಮರೆಯುವ ಪದ್ಧತಿ ಬಹಳ ಕಡೆ ಇದೆ. ನಿಮ್ಮ ಹಾಳೆಯಲ್ಲಿ ಅದು ಬಾರದಂತೆ ನೋಡಿಕೊಳ್ಳಿ.