ಹತ್ತಡಿ ದೂರದಿಂದಲೂ ಪೊಲೀಸರ ಗುರಿ ತಪ್ಪುತ್ತಾ?

2012ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಎದುರು ನಡೆದ ಶೂಟಿಂಗ್ ವಿಡಿಯೊ ನೋಡಿ ನೀವು ಕೇಳಿದ್ದೀರಿ: ತರಬೇತಿ ಆದವರಿಗೆ ಅಷ್ಟು ಹತ್ತಿರದಿಂದ ಗುರಿ ಹೇಗೆ ತಪ್ಪುತ್ತದೆ? ಕಾಲಿಗೆ ಹೊಡೆಯಬಹುದಿತ್ತಲ್ವಾ?

ನಾನು ಪೊಲೀಸ್ ಅಲ್ಲ. ಕಾಲೇಜಿನ ಎನ್‌ಸಿಸಿಯಲ್ಲಿ ಮಲಗಿಕೊಂಡು ರೈಫಲ್‌ನಿಂದ ಐದು ಗುಂಡು ಹೊಡೆದವನು, ಅಷ್ಟೇ. ಎದುರಿಗೆ ಇದ್ದದ್ದು ಅಲ್ಲಾಡದ ಹಾಳೆ. ಆದರೂ ನನ್ನ ಹಾಳೆಯಲ್ಲಿ ಬಿದ್ದದ್ದು ಮೂರೇ ತೂತು, ಪಕ್ಕದವನ ಹಾಳೆಯಲ್ಲಿ ಏಳು!

ನ್ಯೂಯಾರ್ಕಿನಲ್ಲಿ ಆದದ್ದು ಇಷ್ಟು. ಹಳೆಯ ಸಹೋದ್ಯೋಗಿಯನ್ನು ಕೊಂದು ಒಬ್ಬ ಜನರ ಮಧ್ಯೆ ಸುಮ್ನೆ ನಡೆದು ಹೋಗುತ್ತಿದ್ದ. ಇಬ್ಬರು ಪೊಲೀಸರು ಹತ್ತಿರ ಬಂದಾಗ ತಿರುಗಿ ಪಿಸ್ತೂಲು ತೋರಿಸಿದ. ಅವರಿಬ್ಬರು ಸೇರಿ 16 ಗುಂಡು ಹಾರಿಸಿದರು. ಅವನು ಸತ್ತ. ಜೊತೆಗೆ 9 ದಾರಿಹೋಕರು ಗಾಯಗೊಂಡರು, ಅಷ್ಟೂ ಜನ ಪೊಲೀಸರ ಗುಂಡಿನಿಂದ, ಇಲ್ಲವೇ ಅದರ ಚೂರಿನಿಂದ.

ಭಯಕ್ಕೆ ಕೈ ನಡುಗುತ್ತದೆ, ಕಣ್ಣು ಎದುರಿನವನ ಪಿಸ್ತೂಲಿಗೇ ಅಂಟಿಕೊಳ್ಳುತ್ತದೆ, ತಮ್ಮ ಪಿಸ್ತೂಲಿನ ಗುರಿಮೊನೆ ನೋಡುವುದೇ ಮರೆತುಹೋಗುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ. ಜಾಸ್ತಿ ಯಾರೂ ಮಾತಾಡದ ಇನ್ನೊಂದು ಕಾರಣ ಟ್ರಿಗರ್. ರಿವಾಲ್ವರ್ ಬಿಟ್ಟು ಪಿಸ್ತೂಲು ಕೊಟ್ಟಾಗ, ಅಕಸ್ಮಾತ್ ಗುಂಡು ಹಾರಬಾರದು ಅಂತ ನ್ಯೂಯಾರ್ಕ್ ಪೊಲೀಸ್ ಇಲಾಖೆ ಬಿಗಿಯಾದ ಟ್ರಿಗರ್ ಹಾಕಿಸಿತು. ಅದನ್ನು ಎಳೆಯಲು ಆಗ ಸುಮಾರು 12 ಪೌಂಡ್ ಬಲ ಬೇಕಿತ್ತು. ಮಾಮೂಲಿ ಗ್ಲಾಕ್ ಪಿಸ್ತೂಲಿಗೆ ಅದರ ಅರ್ಧ ಸಾಕು. ಐದು ಕಿಲೋ ಅಕ್ಕಿ ಚೀಲವನ್ನು ಒಂದೇ ಬೆರಳಲ್ಲಿ ಎಳೆದ ಹಾಗೆ ಅಂದುಕೊಳ್ಳಿ. ಪಿಸ್ತೂಲಿನ ತೂಕವೋ ಒಂದು ಕಿಲೋ ಕೂಡ ಇಲ್ಲ. ಎಳೆದಾಗ ಮೂತಿ ಪಕ್ಕಕ್ಕೆ ವಾಲದೆ ಇರುತ್ತಾ? ನನ್ನನ್ನು ಕೇಳಿದರೆ ಆ ಇಬ್ಬರ ಕೈಗಿಂತ ಈ ನಿರ್ಧಾರದ ತಪ್ಪೇ ದೊಡ್ಡದು.

ಇದು ಆ ಇಬ್ಬರ ಕಥೆ ಮಾತ್ರವೂ ಅಲ್ಲ. ಅದೇ ಇಲಾಖೆ ಕೇಳಿಕೊಂಡಿದ್ದಕ್ಕೆ ರ‍್ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ 1998ರಿಂದ 2006ರವರೆಗಿನ ಲೆಕ್ಕ ತೆಗೆದಿತ್ತು. ಎದುರಿನಿಂದಲೂ ಗುಂಡು ಬರುತ್ತಿದ್ದಾಗ ಪೊಲೀಸರ ನೂರು ಗುಂಡಿನಲ್ಲಿ ತಾಗಿದ್ದು 18. ಎದುರಿನವನು ಗುಂಡು ಹಾರಿಸದೆ ಇದ್ದಾಗಲೂ 30 ಮಾತ್ರ.

ಇನ್ನು ಕಾಲಿನ ವಿಷಯ. ‘ಆರೋಪಿ ಕಾಲಿಗೆ ಗುಂಡು’ ಅಂತ ನಮ್ಮ ಪೇಪರಿನಲ್ಲಿ ಓದಿ ಓದಿ ಅದು ಸುಲಭ ಅನಿಸಿಬಿಟ್ಟಿದೆ. ಅಮೆರಿಕದ ಪೊಲೀಸರಿಗೆ ಕಲಿಸುವುದು ಮೈಯ ನಡುಭಾಗಕ್ಕೆ ಹೊಡೆಯಲು, ಯಾಕಂದ್ರೆ ಅದು ಅಗಲ, ಅಲ್ಲಾಡುವುದೂ ಕಡಿಮೆ. ಕಾಲು ತೆಳ್ಳಗೆ, ಓಡುತ್ತಲೇ ಇರುತ್ತದೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಅದೂ ಸಾವೇ. ತಪ್ಪಿದ ಗುಂಡು ಫುಟ್‌ಪಾತಿಗೆ ಬಡಿದು ಎಲ್ಲಿಗೆ ಬೇಕಾದರೂ ಹಾರಬಹುದು. ಅವತ್ತು ಗಾಯಗೊಂಡವರಲ್ಲಿ ಹೆಚ್ಚಿನವರಿಗೆ ತಗಲಿದ್ದು ನೇರ ಗುಂಡಲ್ಲ, ಹಾಗೆ ಬಡಿದು ಸಿಡಿದ ಚೂರುಗಳು.