ಹೊಸ ಟೋಕನ್‌ನ ಆರ್ಥಿಕ ವ್ಯವಸ್ಥೆಯನ್ನು ಬಿಡುಗಡೆಗೆ ಮೊದಲೇ ಪರೀಕ್ಷಿಸುವುದು ಹೇಗೆ?

ಹೊಸ ಕ್ರಿಪ್ಟೋ ಟೋಕನ್ ಬಿಡುಗಡೆ ಮಾಡಲು ಹೊರಟು, ನಿಮ್ಮ ಲೆಕ್ಕದ ಸ್ಪ್ರೆಡ್‌ಶೀಟ್ ಕಳಿಸಿ ಈ ಪ್ರಶ್ನೆ ಕೇಳಿದ್ದೀರಿ. ನೀವು ಕೊಟ್ಟ ಅಂಕಿಗಳು ಇವು: ಒಟ್ಟು 100 ಕೋಟಿ ಟೋಕನ್, ಮೊದಲ ದಿನ ಚಲಾವಣೆಯಲ್ಲಿ 10 ಕೋಟಿ, ಬೆಲೆ 10 ಸೆಂಟ್, ಸ್ಟೇಕಿಂಗ್‌ಗೆ (ಟೋಕನ್ ಮಾರದೆ ಲಾಕ್ ಮಾಡಿಡುವುದಕ್ಕೆ) ವರ್ಷಕ್ಕೆ 60% ಪ್ರತಿಫಲ, ಲಿಕ್ವಿಡಿಟಿ ಪೂಲ್‌ನಲ್ಲಿ (ಟೋಕನ್ ಮತ್ತು ಡಾಲರ್ ಅದಲುಬದಲಾಗುವ ನಿಧಿಯಲ್ಲಿ) 10 ಲಕ್ಷ ಟೋಕನ್ ಮತ್ತು 1 ಲಕ್ಷ ಡಾಲರ್, ಶುಲ್ಕದ ಆದಾಯ ತಿಂಗಳಿಗೆ 20,000 ಡಾಲರ್. ಶೀಟ್‌ನಲ್ಲಿ ಎಲ್ಲ ತಾಳೆಯಾಗಿದೆ ಎನ್ನುತ್ತೀರಿ. ಆಗದೆ ಏನು? ಬೆಲೆ ತಿಂಗಳಿಗೆ 5% ಏರುತ್ತದೆ ಎಂದು ನೀವೇ ಒಂದು ಕಾಲಂನಲ್ಲಿ ತುಂಬಿದ್ದೀರಿ. ಮೊದಲು ಅದನ್ನು ಅಳಿಸಿ. ಯಾರು ಎಷ್ಟು ಕೊಂಡರು, ಎಷ್ಟು ಮಾರಿದರು ಎಂಬುದರಿಂದ ಬೆಲೆ ತಾನಾಗಿ ಹೊರಬರಬೇಕು.

ಚಲಾವಣೆಯ ಅರ್ಧ ಸ್ಟೇಕ್ ಆಯಿತೆನ್ನಿ. 5 ಕೋಟಿಗೆ 60% ಎಂದರೆ ವರ್ಷಕ್ಕೆ 3 ಕೋಟಿ, ತಿಂಗಳಿಗೆ 25 ಲಕ್ಷ ಹೊಸ ಟೋಕನ್. ಅದರ 70%, ಅಂದರೆ 17.5 ಲಕ್ಷ, ಮಾರಾಟಕ್ಕೆ ಬಂದರೆ? ಪೂಲ್‌ನ ಎರಡು ಬದಿಯ (ಟೋಕನ್ × ಡಾಲರ್) ಗುಣಲಬ್ಧ ಬದಲಾಗುವಂತಿಲ್ಲ; ಡಾಲರ್ ಬದಿಯನ್ನು ಟೋಕನ್ ಬದಿಯಿಂದ ಭಾಗಿಸಿದರೆ ಬೆಲೆ. ಟೋಕನ್ ಬದಿ 27.5 ಲಕ್ಷಕ್ಕೆ ಏರಿದಾಗ ಡಾಲರ್ ಬದಿ ಸುಮಾರು 36,364ಕ್ಕೆ ಇಳಿಯುತ್ತದೆ, ಬೆಲೆ 1.3 ಸೆಂಟ್ ಆಗುತ್ತದೆ. ಒಂದೇ ತಿಂಗಳಲ್ಲಿ 87% ಕುಸಿತ. 10 ಸೆಂಟ್‌ನಲ್ಲೇ ಉಳಿಯಲು ಪ್ರತಿ ತಿಂಗಳೂ 1.75 ಲಕ್ಷ ಡಾಲರ್‌ನಷ್ಟು ಖರೀದಿ ಬೇಕು. ಕೊಳ್ಳುವವರು ಯಾರು, ಯಾವ ಕೆಲಸಕ್ಕೆ? ‘ಮುಂದೆ ಏರುತ್ತದೆ ಅಂತ’ ಎನ್ನುವುದನ್ನು ಉತ್ತರವೆಂದು ನಾನು ಒಪ್ಪುವುದಿಲ್ಲ.

60% ಎಂಬುದೂ ಕಣ್ಕಟ್ಟೇ. ಸ್ಟೇಕ್ ಆದ ಮೌಲ್ಯ 50 ಲಕ್ಷ ಡಾಲರ್, ವರ್ಷದ ಶುಲ್ಕ 2.4 ಲಕ್ಷ; ಪೂರ್ತಿ ಹಂಚಿದರೂ ನಿಜವಾದ ಗಳಿಕೆ 4.8%. ಮಿಕ್ಕಿದ್ದು ಸ್ಟೇಕ್ ಮಾಡದವರ ಪಾಲಿನಿಂದ ಹೋಗುತ್ತದೆ: ಚಲಾವಣೆ 13 ಕೋಟಿಯಾದಾಗ ಅವರ ಪಾಲು 23% ಕರಗಿರುತ್ತದೆ.

ಈಗ ಸಿಮ್ಯುಲೇಶನ್, ಅಂದರೆ ಈ ಮಾರುಕಟ್ಟೆಯನ್ನು ಕಂಪ್ಯೂಟರ್‌ನಲ್ಲಿ ಅನುಕರಿಸಿ ನೋಡುವುದು. ಪೈಥಾನ್ ಸಾಕು, ಬೇಕಿದ್ದರೆ ಇಂಥ ಸಿಮ್ಯುಲೇಶನ್‌ಗೆಂದೇ ಇರುವ ಕ್ಯಾಡ್‌ಕ್ಯಾಡ್ ಲೈಬ್ರರಿ ಬಳಸಿ. ದಿನಕ್ಕೊಂದು ಹೆಜ್ಜೆಯಂತೆ 3 ವರ್ಷಕ್ಕೆ 1,095 ಹೆಜ್ಜೆ. ಸಿಕ್ಕ ಪ್ರತಿಫಲವನ್ನು ಅಂದೇ ಮಾರುವವರು, ಹಿಡಿದಿಟ್ಟುಕೊಳ್ಳುವವರು, ಸೇವೆಗಾಗಿ ಕೊಳ್ಳುವವರು, ತಂಡ ಮತ್ತು ಹೂಡಿಕೆದಾರರು: ಈ ನಾಲ್ಕು ಬಗೆಯವರಿಗೂ ಬೇರೆ ಬೇರೆ ನಿಯಮ ಬರೆಯಿರಿ. ಕೊನೆಯ ಗುಂಪನ್ನು ಎಲ್ಲರೂ ಮರೆಯುತ್ತಾರೆ. ಅವರ 35 ಕೋಟಿ ಟೋಕನ್ 12 ತಿಂಗಳು ಲಾಕ್ ಆಗಿದ್ದು, ನಂತರದ 24 ತಿಂಗಳಲ್ಲಿ ಸಮನಾಗಿ ಬಿಡುಗಡೆಯಾದರೆ, 13ನೇ ತಿಂಗಳಿಂದ ಮಾಸಿಕ 1.46 ಕೋಟಿ ಹೊರಬರುತ್ತದೆ. ಸ್ಟೇಕಿಂಗ್ ಪ್ರತಿಫಲದ ಹತ್ತಿರಹತ್ತಿರ ಆರು ಪಟ್ಟು!

ಮಾರುವವರ ಪ್ರಮಾಣವನ್ನು 70% ಎಂದು ಸ್ಥಿರವಾಗಿಡಬೇಡಿ. ಬೆಲೆ ಬಿದ್ದಷ್ಟೂ ಅದು ಏರಬೇಕು. ಮಂದಿ ಹೆದರುವುದು ಒಟ್ಟಿಗೇ. 2022ರ ಮೇ ತಿಂಗಳಲ್ಲಿ ಟೆರಾ ಎಂಬ ಕ್ರಿಪ್ಟೋ ವ್ಯವಸ್ಥೆ ಬಿದ್ದದ್ದು ಇಂಥದೇ ಸುಳಿಯಲ್ಲಿ. ಒಂದು ಯುಎಸ್‌ಟಿ (ಡಾಲರಿಗೆ ಸಮನಾಗಿರಬೇಕಿದ್ದ ಅದರ ಟೋಕನ್) ಕೊಟ್ಟರೆ ಒಂದು ಡಾಲರ್ ಬೆಲೆಯ ಲೂನಾ ಎಂಬ ಅದರ ಇನ್ನೊಂದು ಟೋಕನ್ ಮುದ್ರಿಸಿ ಕೊಡಬೇಕಿತ್ತು. ಲೂನಾ ಅಗ್ಗವಾದಷ್ಟೂ ಹೆಚ್ಚು ಮುದ್ರಣ, ಹೆಚ್ಚು ಮುದ್ರಿಸಿದಷ್ಟೂ ಇನ್ನೂ ಅಗ್ಗ. ಸುಮಾರು 35 ಕೋಟಿ ಇದ್ದ ಲೂನಾ ಕೆಲವೇ ದಿನಗಳಲ್ಲಿ 6.5 ಲಕ್ಷ ಕೋಟಿಗೆ ಹೋಯಿತು.

ಬಳಕೆದಾರರ ಬೆಳವಣಿಗೆ, ಮಾರಾಟದ ಪ್ರಮಾಣ, ಪೂಲ್‌ನ ಆಳ ಇವನ್ನು ಯಾದೃಚ್ಛಿಕವಾಗಿ ಬದಲಿಸುತ್ತ 1,000 ಬಾರಿ ಓಡಿಸಿ. ಸರಾಸರಿಯನ್ನು ನೋಡಬೇಡಿ, ಅದು ಸಮಾಧಾನ ಹೇಳುತ್ತದೆ ಅಷ್ಟೆ. ಅತಿ ಕೆಟ್ಟ 50 ಓಟಗಳನ್ನು ತೆಗೆದು, ಅವುಗಳಲ್ಲಿ ಸಮಾನವಾಗಿರುವುದೇನೆಂದು ಹುಡುಕಿ. ಆಮೇಲೆ ಪ್ರತಿಫಲವನ್ನು 60ರಿಂದ 5%ವರೆಗೆ ಇಳಿಸುತ್ತ ಮತ್ತೆ ಓಡಿಸಿ.

ಕೋಡ್ ಪರೀಕ್ಷೆ ಬೇರೆಯದೇ ಕೆಲಸ. ಎಲ್ಲರ ಬ್ಯಾಲೆನ್ಸ್ ಕೂಡಿದರೆ ಒಟ್ಟು ಪೂರೈಕೆಗೆ ಸಮನಾಗಲೇಬೇಕು. ಇದನ್ನು ಫೌಂಡ್ರಿ ಎಂಬ ಕೋಡ್ ಪರೀಕ್ಷಾ ಉಪಕರಣದಲ್ಲಿ ಇನ್ವೇರಿಯಂಟ್ ಟೆಸ್ಟ್ (ಯಾವಾಗಲೂ ನಿಜವಾಗಿರಬೇಕಾದ ನಿಯಮದ ಪರೀಕ್ಷೆ) ಆಗಿ ಬರೆಯಿರಿ. ಟೋಕನ್‌ನ ಕೋಡ್ ಬರೆಯುವ ಸಾಲಿಡಿಟಿ ಭಾಷೆಯಲ್ಲಿ ಭಾಗಾಕಾರದ ದಶಮಾಂಶ ಭಾಗ ಉದುರಿಹೋಗುವುದರಿಂದ ಮೊದಲು ಗುಣಿಸಿ, ಆಮೇಲೆ ಭಾಗಿಸಿ. ಪೂಲ್‌ನ ಆ ಕ್ಷಣದ ಬೆಲೆಯನ್ನು ನಂಬಿ ಸಾಲವನ್ನೋ ಪ್ರತಿಫಲವನ್ನೋ ಲೆಕ್ಕ ಹಾಕಬೇಡಿ. ಫ್ಲ್ಯಾಶ್ ಲೋನ್ (ಅದೇ ವಹಿವಾಟಿನಲ್ಲಿ ತೀರಿಸಬೇಕಾದ, ಅಡಮಾನವಿಲ್ಲದ ಸಾಲ) ತೆಗೆದು ಒಂದೇ ವಹಿವಾಟಿನಲ್ಲಿ ಅದನ್ನು ತಿರುಚಬಹುದು. ಪರೀಕ್ಷೆಗೆಂದೇ ಇರುವ ಜಾಲವಾದ ಟೆಸ್ಟ್‌ನೆಟ್‌ನಲ್ಲಿ ಜನ ಟೋಕನ್ ಮಾರಲಿಲ್ಲ ಎಂದು ಹಿಗ್ಗಬೇಡಿ, ಅಲ್ಲಿ ಅದಕ್ಕೆ ಬೆಲೆಯೇ ಇರುವುದಿಲ್ಲ.