ಹತ್ತೂವರೆಗೆ ನಿಲ್ಲುವ ವೈಫೈ: ಹಾಸ್ಟೆಲ್ ಹುಡುಗಿಯೊಬ್ಬಳ ಪ್ರಕರಣ

ಕೌನ್ಸೆಲರ್ ಆದ ನನಗೆ ವಾರ್ಡನ್ ಕಳಿಸಿದ ಚೀಟಿಯಲ್ಲಿ ಮೂರೇ ಮಾತು ಇದ್ದವು. ಮೊಬೈಲ್ ಗೀಳು, ಸಿಬ್ಬಂದಿ ಜೊತೆ ಒರಟು ವರ್ತನೆ, ಕೌನ್ಸೆಲಿಂಗ್ ಅಗತ್ಯ.

ಹುಡುಗಿ ಎಂಎಸ್ಸಿ ಸಂಖ್ಯಾಶಾಸ್ತ್ರ ಓದುತ್ತಿದ್ದಾಳೆ. ಉತ್ತರ ಕರ್ನಾಟಕದ ಹಳ್ಳಿಯಿಂದ ಬಂದವಳು. ವಿಶ್ವವಿದ್ಯಾಲಯದ ಮಹಿಳಾ ಹಾಸ್ಟೆಲ್‌ನಲ್ಲಿ ವಾಸ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

“ಮೇಡಂ, ನಾ ಮೊಬೈಲ್ ಹುಚ್ಚಿ ಅಲ್ರೀ.” ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದಳು. ಆಮೇಲೆ ತುಂಬಾ ಹೊತ್ತು ಅತ್ತಳು. ನಾನು ಗೀಳಿನ ಮಾತೇ ಎತ್ತಲಿಲ್ಲ. ಅವತ್ತು ರಾತ್ರಿ ಏನಾಯ್ತು, ಮೊದಲಿಂದ ಹೇಳು ಅಂದೆ.

ಆ ಸೆಮಿಸ್ಟರ್‌ನ ಒಂದು ಐಚ್ಛಿಕ ವಿಷಯವನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್‌ನಲ್ಲಿ ಮಾಡಿ ಅಂತ ವಿಭಾಗದವರೇ ಹೇಳಿದ್ದರು. ಅದಕ್ಕೆ ಅವಕಾಶ ಇದೆ. 2021ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಬಹುದು. ಇವಳು ಸ್ವಯಂನಲ್ಲಿ ಸಿಗುವ, ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್‌ನ 12 ವಾರದ ಕೋರ್ಸ್ ತಗೊಂಡಿದ್ದಳು. ವಾರಕ್ಕೊಂದು ಅಸೈನ್‌ಮೆಂಟ್, ಗಡುವು ರಾತ್ರಿ 11:59. ಹಾಸ್ಟೆಲ್ ವೈಫೈ ನಿಲ್ಲುವುದು 10:30ಕ್ಕೆ.

ಅವಳ ರೂಮು ಕಾರಿಡಾರಿನ ಒಂದು ಕೊನೆ, ವೈಫೈ ಡಬ್ಬಿ ಇನ್ನೊಂದು ಕೊನೆ, ಮೆಟ್ಟಿಲ ಹತ್ತಿರ. ಮಧ್ಯೆ ದಪ್ಪ ಗೋಡೆಗಳು, ರೂಮಿಗೆ ನಾಲ್ಕರಂತೆ ಕಬ್ಬಿಣದ ಬೀರುಗಳು. ಸಿಗ್ನಲ್ ಬಾಗಿಲವರೆಗೆ ಬಂದರೆ ಅದೇ ಹೆಚ್ಚು. ಹಾಗಾಗಿ ರಾತ್ರಿ ಊಟ ಮುಗಿದ ಕೂಡಲೇ ಹುಡುಗಿಯರೆಲ್ಲ ಮೆಟ್ಟಿಲ ಮೇಲೆ ಜಾಗ ಹಿಡಿಯುತ್ತಾರೆ. ಬೆಡ್‌ಶೀಟ್ ಮಡಚಿ ಹಾಸಿಕೊಂಡು, ಸ್ನಾನದ ಬಕೆಟ್ ಬೋರಲು ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂರುತ್ತಾರೆ. ಎಲ್ಲರೂ ಒಂದೇ ಡಬ್ಬಿಗೆ ಜೋತುಬಿದ್ದಾಗ ಯಾರಿಗೂ ಸರಿಯಾಗಿ ಸಿಗುವುದಿಲ್ಲ. ಹತ್ತು ಗಂಟೆಯಿಂದ ಹತ್ತೂವರೆ ಇದ್ದದ್ದರಲ್ಲೇ ಕೆಟ್ಟ ಹೊತ್ತು. ಆಮೇಲೆ ಸಿಗಲ್ಲ ಅಂತ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರಲ್ಲ.

ಅವತ್ತು ಕೊನೆಯ ಪ್ರಶ್ನೆಗಳು ಬಾಕಿ ಇರುವಾಗ ನೆಟ್ ಹೋಯಿತು. ಮೊಬೈಲಿನ ದಿನದ ಡೇಟಾ ಸಂಜೆಯೇ ಖಾಲಿಯಾಗಿತ್ತು. ಹಾಸ್ಟೆಲ್ ಸಿಬ್ಬಂದಿ ಹತ್ತಿರ ಓಡಿಹೋಗಿ ಹತ್ತು ನಿಮಿಷ ಆನ್ ಮಾಡಿ ಅಂತ ಕೈಮುಗಿದಳು. “ನಾಳೆ ಬೆಳಿಗ್ಗೆ ಮಾಡ್ಕೋ, ಏನು ಮುಳುಗಿ ಹೋಗಲ್ಲ” ಅನ್ನೋ ಉತ್ತರ ಬಂತು. ಅದಕ್ಕೆ ಇವಳು, “ನಿಮ್ಮ ಡಬ್ಬಿ ಕಿತ್ತು ಒಗೀತೀನಿ ನೋಡ್ರಿ” ಅಂತ ಕೂಗಿದ್ದಾಳೆ. ಚೀಟಿಯಲ್ಲಿದ್ದ ಒರಟು ವರ್ತನೆ ಇದೇ.

ಗೀಳು ಹೌದೋ ಅಲ್ಲವೋ ಅಂತ ನೋಡುವುದು ನನ್ನ ಕೆಲಸ, ಮುಂದಿನ ಭೇಟಿಯಲ್ಲಿ ನೋಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ಕಾಯಿಲೆಗಳ ಪಟ್ಟಿಯಲ್ಲಿ ವಿಡಿಯೋ ಗೇಮಿನ ಗೀಳಿಗೆ ಒಂದು ಜಾಗ ಇದೆ. ಸುಮ್ನೆ ಜಾಸ್ತಿ ನೆಟ್ ಬಳಸುವುದಕ್ಕೆ ಅಲ್ಲಿ ಪ್ರತ್ಯೇಕ ಕಾಯಿಲೆಯ ಹೆಸರಿಲ್ಲ. ನಾವು ಕೇಳುವುದು ಬೇರೆ ಪ್ರಶ್ನೆಗಳು. ನಿಲ್ಲಿಸಬೇಕು ಅಂದುಕೊಂಡರೂ ನಿಲ್ಲಿಸೋಕೆ ಆಗ್ತಿಲ್ವಾ? ಊಟ, ಓದು, ಗೆಳೆತನ ಬಿಟ್ಟುಹೋಗಿವೆಯಾ? ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸಿದ್ದೀಯಾ? ಇವಳದು ಹಾಗಿರಲಿಲ್ಲ. ತರಗತಿ ತಪ್ಪಿಸುವುದಿಲ್ಲ, ಬೆಳಿಗ್ಗೆ ಗೆಳತಿಯರ ಜೊತೆ ನಡೆಯುತ್ತಾಳೆ. ನೆಟ್ ಬೇಕಾಗಿರುವುದು ಪಾಠಕ್ಕೆ, ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಅನ್ನೋ ಕಂಪ್ಯೂಟರ್ ಭಾಷೆಯ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವುದಕ್ಕೆ, ಮತ್ತೆ ಅವ್ವನ ವಿಡಿಯೋ ಕಾಲ್‌ಗೆ. ಅವ್ವ ಹೊಲದ ಕೆಲಸ, ಅಡುಗೆ ಎಲ್ಲ ಮುಗಿಸಿ ಫೋನ್ ಹಿಡಿಯುವುದೇ ಹತ್ತು ಗಂಟೆಗೆ. ನಿಜಕ್ಕೂ ಗೀಳಿನ ಲಕ್ಷಣ ಕಂಡರೆ ನಾನು ಬೆಂಗಳೂರಿನ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೆ ಕಳಿಸುತ್ತೇನೆ. 2014ರಿಂದ ಅಲ್ಲಿ ಇದೇ ಕೆಲಸ ನಡೆಯುತ್ತಿದೆ. ಇವಳಿಗೆ ಅದು ಬೇಕಿರಲಿಲ್ಲ.

ಆದರೆ ನಿದ್ದೆ ಕೆಟ್ಟಿತ್ತು. ಯಾಕೆ ಅಂತ ಕೇಳಿದಾಗ ಬಂದ ಉತ್ತರವನ್ನು ಪ್ರತಿಯೊಬ್ಬ ವಾರ್ಡನ್‌ಗೂ ಕೇಳಿಸಬೇಕು ಅನ್ನಿಸಿತು. “ಹನ್ನೆರಡಕ್ಕ ಹೊಸಾ ಡೇಟಾ ಬರ್ತೈತ್ರಿ ಮೇಡಂ. ಅಲ್ಲೀತನಕ ಎಲ್ಲಾರೂ ಎದ್ದಿರ್ತೀವ್ರಿ.”

ದಿನಕ್ಕಿಷ್ಟು ಜಿಬಿ ಅನ್ನುವ ಪ್ಲಾನ್‌ಗಳಲ್ಲಿ ಡೇಟಾ ಹೊಸದಾಗಿ ಸಿಗುವುದು ನಡುರಾತ್ರಿಗೆ. ಹತ್ತೂವರೆಗೆ ವೈಫೈ ಹೋದ ಮೇಲೆ ಹುಡುಗಿಯರು ಕತ್ತಲಲ್ಲಿ ಮಾತಾಡಿಕೊಂಡು ಹನ್ನೆರಡಕ್ಕೆ ಕಾಯುತ್ತಾರೆ. ಬಂದ ಕೂಡಲೇ ಬಾಕಿ ಕೆಲಸ ಮಾಡುತ್ತಾರೆ, ಅದರ ಹಿಂದೆಯೇ ರೀಲ್ಸ್ ಶುರು. ಮಲಗುವಾಗ ಒಂದೂವರೆ, ಎರಡು. ಮಕ್ಕಳು ಬೇಗ ಮಲಗಲಿ ಅಂತ ಮಾಡಿದ ನಿಯಮವೇ ಅವರನ್ನು ಎಚ್ಚರ ಇಟ್ಟಿದೆ. ರೀಲ್ಸ್ ನೋಡುವುದನ್ನು ಅವಳು ಮುಚ್ಚಿಡಲಿಲ್ಲ. ನಾನೂ ಅದನ್ನು ದೊಡ್ಡ ಅಪರಾಧ ಮಾಡಲಿಲ್ಲ.

ಅವಳ ಎದೆಯ ಮೇಲೆ ಕೂತಿದ್ದ ದೊಡ್ಡ ಭಾರ ಇಳಿದದ್ದು ಒಂದು ಸಣ್ಣ ಲೆಕ್ಕದಿಂದ. ಮೂರು ಅಸೈನ್‌ಮೆಂಟ್ ತಪ್ಪಿವೆ, ಕೋರ್ಸ್ ಹೋಯ್ತು, ವರ್ಷವೇ ಹಾಳಾಯ್ತು ಅಂತ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಇಬ್ಬರೂ ಕೂತು ಕೋರ್ಸಿನ ಪುಟ ತೆಗೆದು ಓದಿದೆವು. 12 ಅಸೈನ್‌ಮೆಂಟ್‌ಗಳಲ್ಲಿ ಚೆನ್ನಾಗಿ ಮಾಡಿದ 8 ಮಾತ್ರ ಲೆಕ್ಕಕ್ಕೆ ಬರುತ್ತವೆ. ಅವಕ್ಕೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಸರ್ಟಿಫಿಕೇಟ್‌ಗೆ 25ರಲ್ಲಿ 10, 75ರಲ್ಲಿ 30 ಬಂದರೆ ಸಾಕು. ಅವಳು ಬೆರಳು ಮಡಚಿ ಎಣಿಸಿದಳು. ಮತ್ತೆ ಎಣಿಸಿದಳು. “ಇನ್ನೊಂದು ಹೋದ್ರೂ ನಡೀತೈತಲ್ರೀ!” ಅಂದಳು. ತಿಂಗಳಿಂದ ಹೊತ್ತಿದ್ದ ಭಯ ಅದು. ಕೋಪ ತಲೆಗೇರಿದಾಗ ಕಣ್ಣೆದುರಿನ ನಿಯಮವನ್ನೂ ಓದೋಕೆ ಆಗುವುದಿಲ್ಲ. ಬುದ್ಧಿವಂತ ಮಕ್ಕಳಿಗೂ ಹೀಗಾಗುತ್ತದೆ.

ಆಮೇಲೆ ಅವಳ ಕೋಪವನ್ನು ಬಿಡಿಸಿ ನೋಡಿದೆವು. ಒಂದೇ ಸಿಟ್ಟು ಅಂತ ಕಾಣುತ್ತಿದ್ದದ್ದರಲ್ಲಿ ಮೂರು ಇದ್ದವು. ಸಿಗ್ನಲ್ ಬರಲ್ಲ ಅನ್ನೋದು ಒಂದು. ಇಪ್ಪತ್ತೆರಡು ವರ್ಷದವಳನ್ನು ಚಿಕ್ಕ ಮಗು ಥರ ನೋಡುತ್ತಾರೆ ಅನ್ನೋದು ಇನ್ನೊಂದು. ಅವ್ವನ ಮುಖ ನೋಡುತ್ತಿರುವಾಗಲೇ ಪರದೆ ನಿಂತುಹೋಗುತ್ತದೆ ಅನ್ನೋದು ಕೊನೆಯದು. ಅದನ್ನು ಹೇಳುವಾಗ ಮಾತ್ರ ಅವಳ ದನಿ ಬದಲಾಯಿತು. ಮೊದಲನೆಯದು ತಾಂತ್ರಿಕ ವಿಭಾಗದ ಕೆಲಸ. ಎರಡನೆಯದಕ್ಕೆ ಅರ್ಜಿ ಹಾಕಬೇಕು. ಮೂರನೆಯದಕ್ಕೆ ಕಾಯಬೇಕಾಗಿಯೇ ಇರಲಿಲ್ಲ. ಹತ್ತಕ್ಕೆ ವೈಫೈನಲ್ಲಿ ಕಾಲ್ ಮಾಡುವುದು ಬಿಟ್ಟು, ಬೆಳಿಗ್ಗೆ ಅವ್ವ ಎದ್ದ ಹೊತ್ತಿಗೆ ಮಾಮೂಲಿ ಫೋನ್ ಕಾಲ್ ಮಾಡು, ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಮುಖ ನೋಡಿ ಮಾತಾಡು ಅಂದೆ. ಆ ವಾರವೇ ಶುರು ಮಾಡಿದಳು.

ತಾಂತ್ರಿಕ ತೊಂದರೆಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ತಾರೀಖು, ಸಮಯ, ಕೂತ ಜಾಗ, ಏನು ತೆರೆಯಲಿಲ್ಲ, ಪರದೆ ಮೇಲೆ ಏನು ಬಂತು. ಬೈಗುಳ ಬರೆಯಬೇಡ, ನಡೆದದ್ದನ್ನಷ್ಟೇ ಬರಿ ಅಂದೆ. ನೆಟ್ ಹೋದ ಕ್ಷಣ ಕೈಗೆ ಒಂದು ಕೆಲಸ ಇದ್ದರೆ ಸಿಟ್ಟು ಬಾಯಿಗೆ ಬರುವುದು ಕಡಿಮೆಯಾಗುತ್ತದೆ. ಮುಂದೆ ಅರ್ಜಿಗೂ ಅದೇ ಆಧಾರ. ಬರೀ ‘ನೆಟ್ ಸರಿ ಇಲ್ಲ’ ಅಂದರೆ ಯಾರೂ ಎದ್ದು ಬರುವುದಿಲ್ಲ.

ಆ ನೋಟ್‌ಬುಕ್‌ನಿಂದಲೇ ಎರಡು ವಿಷಯ ಬಯಲಾದವು. ಅವಳ ಫೋನು ಎಷ್ಟೋ ಸಲ ವೈಫೈಗೆ ಸೇರಿಕೊಳ್ಳುತ್ತಲೇ ಇರಲಿಲ್ಲ. ಹಾಸ್ಟೆಲ್‌ನಲ್ಲಿ ಒಬ್ಬರಿಗೆ ಎರಡೇ ಸಾಧನ, ಅವುಗಳ ಮ್ಯಾಕ್ ಅಡ್ರೆಸ್, ಅಂದರೆ ವೈಫೈ ಸಾಧನವನ್ನು ಗುರುತಿಸುವ ಸಂಖ್ಯೆ, ಬರೆಸಬೇಕು. ಇವಳು ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ಇರುವ ಕಡೆ ಕಂಡ ಅಂಕಿಯನ್ನು ಬರೆಸಿದ್ದಳು. ಈಗಿನ ಆಂಡ್ರಾಯ್ಡ್ ಮತ್ತು ಐಫೋನ್‌ಗಳು ಗುರುತು ಮರೆಸಲು ಪ್ರತಿ ವೈಫೈಗೂ ಬೇರೆಯೇ ಅಡ್ರೆಸ್ ತೋರಿಸುತ್ತವೆ. ಬರೆಸಿದ್ದು ಒಂದು, ಫೋನ್ ಹೇಳುವುದು ಇನ್ನೊಂದು. ಆ ವೈಫೈನ ಸೆಟ್ಟಿಂಗ್‌ನಲ್ಲಿ ಪ್ರೈವಸಿ ಆಯ್ಕೆಗೆ ಹೋಗಿ ಫೋನಿನದೇ ಮ್ಯಾಕ್ ಬಳಸುವಂತೆ ಬದಲಿಸಿದ ಮೇಲೆ ಸರಿಹೋಯಿತು. ಎಷ್ಟು ಮಕ್ಕಳು ಇದೊಂದು ಗೊತ್ತಿಲ್ಲದೆ ಒದ್ದಾಡುತ್ತಿದ್ದಾರೋ ಅನ್ನಿಸಿ ಹಾಸ್ಟೆಲ್ ನೋಟಿಸ್ ಬೋರ್ಡ್‌ಗೂ ಹಾಕಿಸಿದೆವು.

ಇನ್ನೊಂದು ಸ್ವಲ್ಪ ಗಂಭೀರ. ಹಗಲು ಹೊತ್ತು ಹಾಸ್ಟೆಲ್ ವೈಫೈನಲ್ಲಿ ಯೂಟ್ಯೂಬ್ ಬಂದ್. ಎನ್‌ಪಿಟಿಇಎಲ್ ಪಾಠಗಳು ಇರುವುದೇ ಯೂಟ್ಯೂಬ್‌ನಲ್ಲಿ. ಸೀನಿಯರ್ ಒಬ್ಬಳು, ತಡೆ ದಾಟಿ ಬೇರೆಯವರ ಸರ್ವರ್ ಮೂಲಕ ಸೈಟ್ ತೆರೆಯುವ ಉಚಿತ ವಿಪಿಎನ್ ಆ್ಯಪ್ ಹಾಕಿಕೊಟ್ಟಿದ್ದಳು. ನೆಟ್‌ಗೆ ಕಾವಲು ಇರುವ ಫೈರ್‌ವಾಲ್ ಅನ್ನೋ ವ್ಯವಸ್ಥೆ ಅದನ್ನು ಹಿಡಿದು ಇವಳ ಲಾಗಿನ್ ಅನ್ನೇ ಕೆಲವು ದಿನ ನಿಲ್ಲಿಸಿತ್ತು. ಇದರಲ್ಲಿ ನಾನು ಅವಳ ಪರ ವಹಿಸಲಿಲ್ಲ. ಉಚಿತ ವಿಪಿಎನ್ ನಡೆಸುವವರು ಯಾರು ಅಂತ ನಮಗೆ ಗೊತ್ತಿರುವುದಿಲ್ಲ. ನಾವು ಯಾವ ಸೈಟಿಗೆ ಹೋಗುತ್ತೇವೆ ಅನ್ನೋದು ಅವರಿಗೆ ಕಾಣುತ್ತದೆ. ಅದೇ ಫೋನಿನಲ್ಲಿ ಬ್ಯಾಂಕ್ ಇದೆ, ಅವ್ವನ ಫೋಟೋ ಇದೆ. ಜೊತೆಗೆ, ನ್ಯಾಯವಾದ ಬೇಡಿಕೆ ಇರುವವರು ಕದ್ದುಮುಚ್ಚಿ ಹೋದರೆ ಆ ಬೇಡಿಕೆಗೆ ಬೆಲೆ ಇರುವುದಿಲ್ಲ. ಆ್ಯಪ್ ತೆಗಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಯಾವ ಪಾಠ ಬೇಕು ಅಂತ ಬರೆದುಕೊಡು ಅಂದೆ. ಅಲ್ಲಿವರೆಗೆ ಲೈಬ್ರರಿಯಲ್ಲಿ ಎನ್‌ಪಿಟಿಇಎಲ್ ಸೈಟಿನಿಂದ ವಿಡಿಯೋ ಇಳಿಸಿಟ್ಟುಕೊಂಡು ರೂಮಿನಲ್ಲಿ ನೋಡುವುದು ಅಂತ ಆಯಿತು.

ವಾರ್ಡನ್ ಜೊತೆ ನಾನೇ ಮಾತಾಡಿದೆ. ಕೆಟ್ಟವರಲ್ಲ. ಇನ್ನೂರು ಹುಡುಗಿಯರ ಹೊಣೆ ಅವರೊಬ್ಬರ ಮೇಲಿದೆ. “ನಾಳೆ ಏನಾದ್ರೂ ಆದ್ರೆ ಪೇರೆಂಟ್ಸ್ ಬಂದು ಹಿಡ್ಕೊಳ್ಳೋದು ನನ್ನನ್ನೇ ಅಲ್ವಾ ಮೇಡಂ” ಅಂದರು. ಹತ್ತೂವರೆ ಅಂತ ಯಾರು, ಯಾವಾಗ ಇಟ್ಟರು ಅನ್ನುವುದು ಅವರಿಗೂ ಗೊತ್ತಿರಲಿಲ್ಲ. ಹುಡುಗರ ಹಾಸ್ಟೆಲ್‌ನಲ್ಲಿ ರಾತ್ರಿಯಿಡೀ ನೆಟ್ ಇರುತ್ತದೆ ಅನ್ನುವುದನ್ನು ಒಪ್ಪಿಕೊಂಡರು. ಹನ್ನೆರಡರ ಡೇಟಾ ವಿಷಯ ಹೇಳಿದಾಗ ನಿಜಕ್ಕೂ ಆಶ್ಚರ್ಯಪಟ್ಟರು. ಗೀಳು ಅನ್ನುವ ಪದವನ್ನು ಆ ಹುಡುಗಿಯ ಕಡತದಿಂದ ತೆಗೆಯಲೇಬೇಕು ಅಂತ ಕೇಳಿದೆ, ತೆಗೆದರು. ಹುಡುಗಿಯೂ ಅವತ್ತು ಕೂಗಿದ್ದಕ್ಕೆ ಕ್ಷಮೆ ಕೇಳಿದಳು. ವೈಫೈ ಕೇಳಿದ್ದಕ್ಕೆ ಕ್ಷಮೆ ಕೇಳಬೇಡ ಅಂತ ಮೊದಲೇ ಹೇಳಿ ಕಳಿಸಿದ್ದೆ.

ಅರ್ಜಿ ಬರೆಯುವಾಗ ಎರಡು ಆಧಾರ ತೋರಿಸಿದೆ. ಲೈಂಗಿಕ ಕಿರುಕುಳ ತಡೆ ಕುರಿತ ಯುಜಿಸಿಯ 2015ರ ನಿಯಮಾವಳಿ 2016ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಹುಡುಗಿಯರ ಸುರಕ್ಷತೆಯ ನೆಪ ಹೇಳಿ ಹಾಸ್ಟೆಲ್‌ನಲ್ಲಿ ಹುಡುಗರಿಗಿಲ್ಲದ ತಾರತಮ್ಯದ ನಿಯಮ ಹೇರಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಇನ್ನೊಂದು ಕೇರಳ ಹೈಕೋರ್ಟಿನ ಫಹೀಮಾ ಶಿರಿನ್ ಪ್ರಕರಣ. ಕೋಳಿಕ್ಕೋಡ್ ಜಿಲ್ಲೆಯ ಕಾಲೇಜಿನ ಮಹಿಳಾ ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ನಿಷೇಧ ಇತ್ತು. ಒಪ್ಪದ ಬಿ.ಎ. ವಿದ್ಯಾರ್ಥಿನಿಯನ್ನು ಹಾಸ್ಟೆಲ್‌ನಿಂದ ಹೊರಹಾಕಿದರು. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ಅವರು ಆಕೆಯನ್ನು ಮತ್ತೆ ಸೇರಿಸಿಕೊಳ್ಳಿ ಅಂತ ಆದೇಶ ಕೊಟ್ಟರು. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಅಂದರು. ಅದು ಕೇರಳದ ತೀರ್ಪು, ಇಲ್ಲಿನವರು ಹಾಗೇ ಪಾಲಿಸಬೇಕು ಅಂತೇನಿಲ್ಲ. ಆದರೂ ಎದುರಿಗೆ ಇಟ್ಟರೆ ತೂಕ ಇರುತ್ತದೆ. ಬೆದರಿಸುವ ದನಿಯಲ್ಲಿ ಮಾತ್ರ ಬರೆಯಬೇಡಿ, ಒಬ್ಬಳೇ ಸಹಿ ಹಾಕಬೇಡ ಅಂದೆ. ಒಬ್ಬಳೇ ಹಾಕಿದರೆ ಅದು ಗಲಾಟೆ ಮಾಡುವ ಹುಡುಗಿಯ ಅರ್ಜಿಯಾಗುತ್ತದೆ. ಆ ಮಹಡಿಯ ಬಹುತೇಕ ಹುಡುಗಿಯರು ಸಹಿ ಹಾಕಿದರು.

ಅಪ್ಪನ ಫೋನ್ ಮಧ್ಯೆ ಬಂತು. ಹಾಸ್ಟೆಲ್‌ನಿಂದ ಅವರಿಗೂ ಸುದ್ದಿ ಹೋಗಿತ್ತು. “ರಾತ್ರಿ ಹತ್ತರ ಮ್ಯಾಲ ಹೆಣ್ಮಕ್ಕಳಿಗೆ ನೆಟ್ ಯಾಕ್ ಬೇಕ್ರೀ ಮೇಡಂ?” ಮಗಳ ಒಪ್ಪಿಗೆ ಕೇಳಿ ಅವರ ಜೊತೆ ಮಾತಾಡಿದೆ. ಹಕ್ಕಿನ ಮಾತು ಆಡಲಿಲ್ಲ. ನಿಮ್ಮ ಮಗಳ ಪರೀಕ್ಷೆಯ ಕಾಲು ಭಾಗ ಅಂಕ ಆ ನೆಟ್‌ನಲ್ಲಿದೆ, ರಾತ್ರಿ ಹನ್ನೆರಡರೊಳಗೆ ಕಳಿಸದಿದ್ದರೆ ಸಿಗುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಮತ್ತ ಯಾಕ್ ಬಂದ್ ಮಾಡ್ತಾರ್ರೀ?” ಅಂತ ಅವರೇ ಕೇಳಿದರು. ಆಮೇಲಿನ ಪೋಷಕರ ಸಭೆಗೆ ಪತ್ರ ಬರೆದು ಕಳಿಸಿದರು. ಅದು ನಮ್ಮ ಅರ್ಜಿಗಿಂತ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ.

ನಿದ್ದೆಗೆ ನಾನು ಹೇಳಿದ್ದು ಕಷ್ಟದ್ದೇನಲ್ಲ. ಗಡುವಿನ ಹಿಂದಿನ ದಿನವೇ ಲೈಬ್ರರಿಯಲ್ಲಿ ಅಸೈನ್‌ಮೆಂಟ್ ಮುಗಿಸು. ಹನ್ನೆರಡರ ಡೇಟಾಕ್ಕೆ ಕಾಯುವ ಗುಂಪಿನಿಂದ ವಾರದಲ್ಲಿ ನಾಲ್ಕು ದಿನ ಆಚೆ ಬಾ. ಫೋನನ್ನು ಬೀರುವಿನಲ್ಲಿ ಚಾರ್ಜಿಗೆ ಹಾಕು. ಎದೆ ಹೊಡೆದುಕೊಂಡು ಮಲಗೋಕೇ ಆಗದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು ಅಂತ ನಂಬರ್ ಬರೆದುಕೊಟ್ಟೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ, ನೆಟ್ಟೂ ಬೇಡ.

ಈಗ ಮಹಿಳಾ ಹಾಸ್ಟೆಲ್ ವೈಫೈ ರಾತ್ರಿ 12:30ರವರೆಗೆ ಇರುತ್ತದೆ. ಎನ್‌ಪಿಟಿಇಎಲ್ ಚಾನೆಲ್ ಹಗಲಲ್ಲೂ ತೆರೆಯುತ್ತದೆ. ಕಾರಿಡಾರಿನ ಈಚೆ ಕೊನೆಗೆ ಇನ್ನೊಂದು ಡಬ್ಬಿ ಹಾಕುವುದಾಗಿ ಹೇಳಿದ್ದಾರೆ, ಇನ್ನೂ ಬಂದಿಲ್ಲ. ಹುಡುಗರ ಹಾಸ್ಟೆಲ್‌ಗೆ ಇರುವ ನಿಯಮವೇ ತಮಗೂ ಬೇಕು ಅನ್ನುವ ಅರ್ಜಿ ವಿದ್ಯಾರ್ಥಿ ಕುಂದುಕೊರತೆ ಸಮಿತಿಯ ಮುಂದೆ ಇದೆ. ಯುಜಿಸಿಯ 2023ರ ನಿಯಮದಂತೆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಗೆ ಬಂದ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿ) ಮೇಲ್ಮನವಿ ಹಾಕಬಹುದು. ಅದರ ಕರಡನ್ನು ಹುಡುಗಿಯರು ಈಗಲೇ ಬರೆದಿಟ್ಟಿದ್ದಾರೆ, ನೋಟ್‌ಬುಕ್‌ನ ಪುಟಗಳ ಜೆರಾಕ್ಸ್ ಜೊತೆಗೆ.